ಬಾಗಿಲ ತನಕ

ಮುಂದೆ ನಡೆಯುತ್ತಿರುವ ಹುಡುಗಿಯ ಎಡಗಾಲಿನ ಶೂ ಅಟ್ಟೆ ಬಿಟ್ಟಿದೆ, ಹೆಜ್ಜೆಗೊಮ್ಮೆ ಟಪ್ ಎನ್ನುತ್ತದೆ, ಹೇಳಬೇಕು ಅವಳಿಗೆ, ಎಡವಿದರೆ ಹಿಂದಿನವರೆಲ್ಲ ಅವಳ ಮೇಲೆ ಬಿದ್ದಾರು — ಹಿಂದಿನವರು ಅಂದರೆ ಯಾರು, ಹಿಂದೆ ಇರುವವಳು ತಾನೊಬ್ಬಳೇ, ತನ್ನ ಹಿಂದೆ ಪೊಲೀಸ್ ಜೀಪು, ಜೀಪಿನ ಹಿಂದೆ ಹಾರನ್ ಬಡಿಯುತ್ತ ಶಾಪ ಹಾಕುತ್ತಿರುವ ಇಡೀ ಊರು. ಇದು ಮೂವತ್ತೆರಡನೇ ಮೆರವಣಿಗೆ, ಮೊದಲನೆಯದರಿಂದ ಇವತ್ತಿನವರೆಗೆ ಇದರ ಬಾಲ ಅವಳೇ. ಬಾಲ ಅಂತ ಅವಳಿಗೆ ಅವಳೇ ಇಟ್ಟುಕೊಂಡ ಹೆಸರು, ಸಿಟಿ ಬಸ್ಸಿನ ಹಿಂಬಾಗಿಲಲ್ಲಿ ಮೂವತ್ತು ವರ್ಷ ನಿಂತ ಕಂಡಕ್ಟರಿಗೆ ಇನ್ನೆಲ್ಲಿ ನಿಂತರೂ ಮೈ ಹೊಂದುವುದಿಲ್ಲ, ಮುಂದೆ ನಿಂತರೆ ತಲೆಗಳು ಕಾಣುವುದಿಲ್ಲ, ಹಿಂದೆ ನಿಂತರೆ ಎಣಿಸಬಹುದು. ಮುನ್ನೂರ ಹದಿನಾಲ್ಕು, ಹದಿನೈದು, ಆ ಛತ್ರಿಯವಳನ್ನು ಎರಡು ಸಲ ಎಣಿಸಿದೆನೇನೋ, ಬಿಡು, ಈಗ ಎಣಿಸುವುದಕ್ಕೆ ಮಕ್ಕಳಿದ್ದಾರೆ, ತೋಳಿಗೆ ಹಳದಿ ಪಟ್ಟಿ ಕಟ್ಟಿಕೊಂಡು ಫೋನಿನಲ್ಲೇ ಎಣಿಸುತ್ತಾರೆ. ದೊಡ್ಡಮ್ಮ ಇವತ್ತಾದ್ರೂ ಮುಂದೆ ಬನ್ನಿ, ಬ್ಯಾನರ್ ಹಿಡ್ಕೊಳ್ಳಿ, ಫೋಟೋದವರು ಕೇಳ್ತಿದ್ದಾರೆ ಅಂತ ಬೆಳಗ್ಗಿನಿಂದ ದುಂಬಾಲು ಬಿದ್ದಿದ್ದವು ಹುಡುಗಿಯರು. ಏ ಹೋಗ್ರೇ, ನನ್ನ ಮಂಡಿ ನೋಡಿದ್ರೆ ಫೋಟೋದವರೇ ಅಳ್ತಾರೆ ಅಂದಿದ್ದಳು. ನಕ್ಕಿದ್ದವು. ಆ ಪಟ್ಟಿಯ ಮೇಲೆ ಬರೆದಿದೆಯಲ್ಲ, ಬಾಗಿಲ ತನಕ ಅಂತ, ಎರಡೇ ಪದ, ಅದು ಇವಳ ಮಾತೇ, ಇವಳು ಮಾಡಿದ ನಿಯಮವೇ, ಮೆರವಣಿಗೆ ಮುಗಿದ ಮೇಲೆ ಯಾರನ್ನೂ ಒಬ್ಬಳೇ ಬಿಡಬಾರದು, ಅವರವರ ಮನೆಯ ಬಾಗಿಲ ತನಕ ಬಿಟ್ಟು ಬರಬೇಕು. ಅದನ್ನು ಈಗ ಪಟ್ಟಿಯ ಮೇಲೆ, ಟೀ ಕುಡಿಯುವ ಕಪ್ಪಿನ ಮೇಲೆ ಎಲ್ಲ ಅಚ್ಚು ಹಾಕಿಸಿದ್ದಾರೆ, ನೋಡಿದಾಗಲೆಲ್ಲ ಬಲಗೈಯ ಹೆಬ್ಬೆರಳು ತಾನಾಗಿ ಮಡಚಿಕೊಂಡು ಮುಷ್ಟಿಯೊಳಗೆ ಸೇರಿಕೊಳ್ಳುತ್ತದೆ. ಇವತ್ತು ಹೇಳಿಬಿಡಬೇಕು. ಚೌಕದಲ್ಲಿ ಹಲಗೆ ಜೋಡಿಸಿ ವೇದಿಕೆ ಮಾಡಿದ್ದಾರೆ, ಮೈಕು ಇದೆ, ದೊಡ್ಡಮ್ಮ ಹತ್ತು ನಿಮಿಷ ಮೆರವಣಿಗೆಯ ಇತಿಹಾಸ ಹೇಳ್ಬೇಕು ಅಂದಿದ್ದಾರೆ, ಮೊದಲ ವರ್ಷದ ಹದಿನಾಲ್ಕು ಜನರಲ್ಲಿ ನಡೆಯುವ ಕಾಲು, ಮಾತಾಡುವ ಬಾಯಿ ಎರಡೂ ಉಳಿದಿರುವುದು ಇವಳೊಬ್ಬಳಿಗೇ. ಇತಿಹಾಸವಂತೆ. ಒಂದು ಬಿಳೀ ಗುಂಡಿ, ಅದರ ಎಡ ಅಂಚು ಮುರಿದಿತ್ತು, ಅಷ್ಟೇ ಇತಿಹಾಸ.

ಅಯ್ಯೋ ಈ ಬೇಕರಿ ಯಾವಾಗ ಬಂತು ಇಲ್ಲಿ, ಇದು ಕ್ಷೌರದಂಗಡಿಯಾಗಿತ್ತು, ಮೊದಲ ವರ್ಷ ಇದೇ ಕಟ್ಟೆಯ ಮೇಲೆ ಅರ್ಧ ಗಡ್ಡ ಬೋಳಿಸಿಕೊಂಡ ಒಬ್ಬ ಮಹಾರಾಯ ಸೋಪಿನ ನೊರೆಯ ಸಮೇತ ಎದ್ದು ಬಂದು, ಮನೇಲಿ ಅಡುಗೆ ಇಲ್ವೇನ್ರಮ್ಮಾ ಅಂತ ಕೂಗಿದ್ದ, ಅದಕ್ಕೆ ಟೆಲಿಫೋನಕ್ಕ ತಿರುಗಿ ನೋಡದೆಯೇ, ಉಳಿದರ್ಧ ಗಡ್ಡ ಮೊದಲು ತೆಗೆಸ್ಕೋ ಹೋಗಪ್ಪಾ, ಆಮೇಲೆ ಅಡುಗೆ ವಿಚಾರ ಅಂದಿದ್ದಳು. ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆಗಿದ್ದವಳು ಟೆಲಿಫೋನಕ್ಕ, ಇಡೀ ಊರಿಗೆ ಲೈನು ಸೇರಿಸಿ ಸೇರಿಸಿ ಅವಳ ಗಂಟಲು ಗಂಟೆಯಾಗಿತ್ತು, ಹೋದ ವರ್ಷ ತೀರಿಕೊಂಡಳು, ಕೊನೆಕೊನೆಗೆ ಆ ಗಂಟಲಿನಿಂದ ನೀರು ಎಂಬ ಒಂದು ಮಾತೂ ಹೊರಡುತ್ತಿರಲಿಲ್ಲ. ಎಲ್ಲ ಶುರುವಾದದ್ದು ಕಂಡಕ್ಟರಳ ಬಸ್ಸಿನಿಂದಲೇ ಅಲ್ಲವೇ, ಸಂಜೆ ಏಳರ ಟ್ರಿಪ್ಪು, ಗಿರಣಿಯ ಗೋಡೆ ಪಕ್ಕದ ಸ್ಟಾಪಿನಲ್ಲಿ ಒಂದು ಹುಡುಗಿ ಇಳಿದಳು, ನರ್ಸಿಂಗ್ ಓದುವವಳು, ಕೈಯಲ್ಲಿ ದಪ್ಪ ಪುಸ್ತಕ, ಬರ್ತೀನಕ್ಕ ಅಂದಳು, ದಿನವೂ ಹೇಳುತ್ತಿದ್ದಳು, ಇವಳು ಹೂಂ ಅಂದು ಡಬಲ್ ಬೆಲ್ ಕೊಟ್ಟಳು, ಒಂದು ಸಲ ಒತ್ತಿದರೆ ನಿಲ್ಲು, ಎರಡು ಸಲ ಒತ್ತಿದರೆ ಹೊರಡು, ಬಸ್ಸು ಹೊರಟಿತು. ಗೋಡೆಯ ಪಕ್ಕದಲ್ಲಿ ಕಾದಿದ್ದವರು ಮೂವರು. ಮಾರನೇ ದಿನ ಡಿಪೋದಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು, ಅಷ್ಟು ಹೊತ್ತಿನಲ್ಲಿ ಅವಳೊಬ್ಬಳೇ ಯಾಕೆ ಇಳಿದಳು ಅಂತ, ಆ ಪ್ರಶ್ನೆ ಕೇಳಿ ಕೇಳಿ ತಲೆ ಕೆಟ್ಟು ಕಂಡಕ್ಟರ್ ಚೀಲ ಬಿಸಾಡಿ, ಒಬ್ಬಳೇ ಇಳೀಬಾರ್ದು ಅಂದ್ರೆ ನಾವೆಲ್ಲಾ ಒಟ್ಟಿಗೆ ಇಳಿಯೋಣ ಬನ್ನಿ ಅಂದುಬಿಟ್ಟಳು. ಅದೇ ಆಯಿತು ಮೆರವಣಿಗೆ. ಡ್ಯೂಟಿ ಮುಗಿಸಿದ ಹದಿನಾಲ್ಕು ಜನ, ಕಸ ಗುಡಿಸುವವರು, ಆಸ್ಪತ್ರೆಯ ಆಯಾಗಳು, ಕ್ಯಾಂಟೀನಿನ ಇಬ್ಬರು, ಡಿಪೋ ಗೇಟಿನಿಂದ ಗಿರಣಿ ಗೋಡೆಯ ತನಕ, ಬೀದಿ ನಮ್ಮದೂ ಹೌದು ಅಂತ ಕೂಗಿಕೊಂಡು, ಮೊದಮೊದಲು ಕೂಗಲಿಕ್ಕೇ ನಾಚಿಕೆ, ಒಬ್ಬರ ಬೆನ್ನ ಹಿಂದೆ ಒಬ್ಬರು ಬಾಯಿ ಬಿಡುತ್ತಿದ್ದರು. ಇನ್ಸ್‌ಪೆಕ್ಟರ್ ಅಡ್ಡ ಬಂದು ಪರ್ಮಿಷನ್ ಎಲ್ಲಿ ಅಂದ, ಟೆಲಿಫೋನಕ್ಕ ಅಂದಳು, ಆ ಮೂವರು ಯಾರ ಪರ್ಮಿಷನ್ ತಗೊಂಡಿದ್ರು ಸಾರ್. ಅವನು ದಾರಿ ಬಿಟ್ಟ. ವಾಪಸ್ ಬರುವಾಗ ಕಂಡಕ್ಟರಳೇ ಹೇಳಿದ್ದು, ಬೀದಿ ನಮ್ಮದು ಅಂತ ಕೂಗಿ ಬೀದೀಲೇ ಕೈಬಿಟ್ಟು ಹೋಗೋದಲ್ಲ, ಎಲ್ಲರನ್ನೂ ಬಾಗಿಲ ತನಕ ಬಿಡ್ತೀನಿ, ಬಸ್ ಆಗಿದ್ರೆ ಬಿಡ್ತಿರಲಿಲ್ವಾ. ಹದಿಮೂರು ಮನೆ, ಹದಿಮೂರು ಬಾಗಿಲು, ಎಲ್ಲ ಕಡೆ ತಾನೇ ಮುಂದೆ ಹೋಗಿ ಬೆಲ್ ಒತ್ತಿದ್ದಳು, ಎರಡು ಸಲ, ಅಭ್ಯಾಸಬಲ, ನಿನ್ನ ಡ್ಯೂಟಿ ಇನ್ನೂ ಮುಗಿದಿಲ್ವೇನೇ ಅಂತ ಎಲ್ಲರೂ ಗೇಲಿ ಮಾಡಿದ್ದರು. ಎಷ್ಟು ಖುಷಿಯಾಗಿತ್ತು ಅವತ್ತು. ಅಪಾಯ ಇರುವುದು ಸ್ಟಾಪಿನಿಂದ ಬಾಗಿಲ ತನಕ ಮಾತ್ರ ಅಂತ ಎಷ್ಟು ಗಟ್ಟಿಯಾಗಿ ನಂಬಿದ್ದೆವು, ದಡ್ಡರು, ಶುದ್ಧ ದಡ್ಡರು, ಬಾಗಿಲ ಆಚೆ ಏನಿದೆ ಅಂತ ಒಬ್ಬಳಾದರೂ ಬಗ್ಗಿ ನೋಡಿದ್ದೆವೇ.

ಬ್ಯಾನರು ಇನ್ನೂ ಅದೇ. ದೂರದಿಂದಲೂ ಕಾಣುತ್ತಿದೆ, ತಲೆಗಳ ಆಚೆ, ಹಸಿರು ರೆಕ್ಸಿನ್ನು, ಬಸ್ಸಿನ ಸೀಟಿಗೆ ಹಾಕುವುದು, ಬಟ್ಟೆಯ ಬ್ಯಾನರ್ ಹಾಗೆ ಗಾಳಿಗೆ ಹಾರಾಡುವುದಿಲ್ಲ, ಹಿಡಿದವರ ತೋಳು ಬಿದ್ದುಹೋಗುವಷ್ಟು ಭಾರ. ಅದನ್ನು ಹೊಲಿದವಳು ಸೀಟಿನವಳು. ಡಿಪೋದ ಹಿಂದಿನ ಶೆಡ್ಡಿನಲ್ಲಿ ಹರಿದ ಸೀಟುಗಳಿಗೆ ಕವರು ಹೊಲಿಯುತ್ತಿದ್ದಳು, ಇವಳಿಗಿಂತ ಎಂಟು ವರ್ಷ ಚಿಕ್ಕವಳು, ಯಾರು ಒಳಗೆ ಬಂದರೂ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು, ಅಕ್ಕ, ನಿಮ್ಮ ಪ್ಯಾಸೆಂಜರ್‌ಗಳು ಕೂತ್ಕೊಳ್ಳೋದಿಲ್ಲ, ಸೀಟು ತಿಂತಾರೆ, ನೋಡಿ ಇಲ್ಲಿ ಹಲ್ಲಿನ ಗುರುತು. ನಗಿಸುತ್ತಿದ್ದಳು. ಮೊದಲ ವರ್ಷ ಅವಳು ನಡೆಯಲಿಲ್ಲ, ಬ್ಯಾನರ್ ಮಾತ್ರ ಹೊಲಿದುಕೊಟ್ಟಳು, ಮನೇಲಿ ಬಿಡಲ್ಲಕ್ಕ ಅಂದಳು, ಎರಡನೇ ವರ್ಷವೂ ಅದೇ. ಮುಂಗೈ ಮೇಲೆ ನೀಲಿ ಗುರುತು ಇರುತ್ತಿತ್ತು, ಏನೇ ಅದು ಅಂದರೆ ಮಿಷಿನ್ ಹಿಡಿ ಬಡೀತು ಅಕ್ಕ, ಇನ್ನೊಂದು ದಿನ ಕಿವಿಯ ಹಿಂದೆ, ಏನೇ ಅಂದರೆ ಅದೂ ಮಿಷಿನ್ನು. ಮಿಷಿನ್ ಹಿಡಿ ಕಿವಿಯ ಹಿಂದೆ ಹೇಗೆ ಬಡಿಯುತ್ತದೆ, ಬಗ್ಗಿ ಹೊಲಿದರೂ ಬಡಿಯುವುದಿಲ್ಲ, ಇವಳಿಗೆ ಗೊತ್ತಾಗಲಿಲ್ಲವೇ, ಗೊತ್ತಾಯಿತು, ಗೊತ್ತಾಗಿದ್ದನ್ನು ಪಕ್ಕಕ್ಕೆ ಸರಿಸಿದಳು, ಗಂಡ ಹೆಂಡತಿ ನಡುವೆ ನಾವ್ಯಾಕೆ, ಅಲ್ಲದೆ ಅವನನ್ನು ನೋಡಿದರೆ ಯಾರು ನಂಬುತ್ತಾರೆ. ಶಾಲೆಯಲ್ಲಿ ಗುಮಾಸ್ತ, ಇಸ್ತ್ರಿ ಮಾಡಿದ ಅಂಗಿ, ಡಿಪೋ ಗೇಟಿಗೆ ಬಂದರೆ ವಾಚ್‌ಮನ್ನಿಗೂ ನಮಸ್ಕಾರ ಹೇಳುತ್ತಿದ್ದ, ಮೇಡಂ ಚೆನ್ನಾಗಿದ್ದೀರಾ, ನಿಮ್ಮ ಮಂಡಿ ನೋವು ಹೇಗಿದೆ, ಇವಳ ಮಂಡಿ ನೋವನ್ನು ಇವಳ ಗಂಡನೇ ಒಂದು ದಿನವೂ ಕೇಳಿರಲಿಲ್ಲ. ಎಂಥಾ ಗಂಡನ್ನ ಹುಡುಕಿಕೊಂಡೆಯೇ ಅಂತ ಸೀಟಿನವಳಿಗೇ ಹೇಳಿದ್ದಳು, ಹೊಗಳಿ. ಅವಳು ಸೂಜಿ ಕಚ್ಚಿಕೊಂಡೇ ಹೂಂ ಅಂದಳು. ಆ ಹೂಂ ನೆನೆದರೆ ಈಗ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಎಡಕ್ಕೆ, ಎಡಕ್ಕೆ ಬನ್ನಿ, ಹಳದಿ ಪಟ್ಟಿಯ ಹುಡುಗಿ ಕೈ ಬೀಸುತ್ತಿದ್ದಾಳೆ, ಇಲ್ಲಿ ರಸ್ತೆ ಅಗೆದಿದ್ದಾರೆ, ಜೋಪಾನ ದೊಡ್ಡಮ್ಮ — ಜೋಪಾನವಾಗಿ ಕರ್ಕೊಂಡು ಬಂದ್ರಿ ಮೇಡಂ, ಥ್ಯಾಂಕ್ಸ್, ಅವನೂ ಅಂದಿದ್ದು ಅದನ್ನೇ. ಮೂರನೇ ವರ್ಷ. ಸೀಟಿನವಳು ತಾನಾಗೇ ಬಂದಳು, ಶೆಡ್ಡಿಗೆ ಬೀಗ ಹಾಕಿ, ಬ್ಯಾನರಿನ ಒಂದು ತುದಿ ತಾನೇ ಹಿಡಿದಳು, ಬಿಟ್ರಾ ಮನೇಲಿ ಅಂದರೆ ಇಲ್ಲ ಅಂದಳು, ಅಷ್ಟೇ. ನೂರಕ್ಕೆ ಹತ್ತಿರ ಜನ, ದಾರಿಯುದ್ದ ಅವಳದೇ ಗಂಟಲು, ಇಷ್ಟು ದೊಡ್ಡ ಗಂಟಲನ್ನು ಎಲ್ಲಿ ಬಚ್ಚಿಟ್ಟಿದ್ದಳೋ, ಟೆಲಿಫೋನಕ್ಕನೇ ಹಿಂದೆ ತಿರುಗಿ ನೋಡಿ ಹುಬ್ಬೇರಿಸಿದಳು. ಮುಗಿದ ಮೇಲೆ ಐದು ಜನರನ್ನು ಬಾಗಿಲ ತನಕ ಬಿಡುವ ಪಾಳಿ ಕಂಡಕ್ಟರಳದು, ಸೀಟಿನವಳ ಮನೆಯೇ ಎಲ್ಲಕ್ಕಿಂತ ಹತ್ತಿರ, ಆದರೂ ಅವರನ್ನೆಲ್ಲ ಮೊದಲು ಬಿಡೋಣ ಅಕ್ಕ, ನಂಗೇನು ಅವಸರ ಇಲ್ಲ ಅಂದಳು, ಎಷ್ಟು ಒಳ್ಳೆಯವಳಪ್ಪ ಅಂದುಕೊಂಡಳು ಇವಳು. ಒಂದು ಮನೆ, ಎರಡು ಮನೆ, ನಾಲ್ಕೂ ಮನೆಯಾಯಿತು, ದೀಪ ಹತ್ತುವ ಹೊತ್ತು, ಇಬ್ಬರೇ ಉಳಿದರು, ಓಣಿಯ ತುದಿಗೆ ಬಂದಾಗ ಸೀಟಿನವಳು ನಿಂತಳು. ಅಕ್ಕ, ಇನ್ನೊಂದು ಸುತ್ತು ಹೋಗೋಣ್ವಾ? ಎಲ್ಲಿಗೇ? ಎಲ್ಲಿಗಾದ್ರೂ, ಡಿಪೋ ತನಕ, ಇಲ್ಲ ನಿಮ್ಮನೆ ತನಕ ನಾನೇ ನಿಮ್ಮನ್ನ ಬಿಟ್ಟು ಬರ್ತೀನಿ. ಕಂಡಕ್ಟರ್ ನಕ್ಕಳು, ಹುಚ್ಚು ಹಿಡಿದಿದ್ಯಾ, ಆಮೇಲೆ ನಿನ್ನನ್ನ ನಾನು ಬಿಡೋಕೆ ಬರ್ಲಾ, ಬೆಳಗಾಗುತ್ತೆ, ನಾಳೆ ಐದೂವರೆಗೆ ಡ್ಯೂಟಿ ನಂದು. ನಕ್ಕಳಲ್ಲ, ಅದು ನಗುವ ಮಾತಾಗಿತ್ತೇ, ಹೆಂಗಸು ಒಬ್ಬಳು ತನ್ನ ಮನೆಯ ಮುಂದೆ ನಿಂತು ಇನ್ನೊಂದು ಸುತ್ತು ಅಂದರೆ ಅದರರ್ಥ ಏನು ಅಂತ ಮೂರು ವರ್ಷ ಮೆರವಣಿಗೆ ನಡೆಸಿದವಳಿಗೆ ತಿಳಿಯಬೇಡವೇ. ಎರಡನೇ ಮಹಡಿ. ಮೆಟ್ಟಿಲ ಮೇಲೆ ಮಂಕು ಬಲ್ಬು. ಕಂದು ಬಾಗಿಲು, ಪಕ್ಕದಲ್ಲಿ ಬೆಲ್ಲಿನ ಬಿಳೀ ಗುಂಡಿ, ಎಡ ಅಂಚು ಮುರಿದದ್ದು. ಸೀಟಿನವಳ ಬೆರಳು ಮೇಲೆದ್ದಿತು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ತುದಿ, ಗುಂಡಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು, ನಿಂತೇ ಇತ್ತು, ಆಮೇಲೆ ಮೆಲ್ಲಗೆ ಕೆಳಗಿಳಿಯಿತು. ಪಾಪ ಸುಸ್ತಾಗಿದ್ದಾಳೆ ಅಂದುಕೊಂಡಳು ಕಂಡಕ್ಟರ್. ಅವಳ ಭುಜದ ಮೇಲಿಂದ ಕೈ ಚಾಚಿದಳು, ತನ್ನ ಹೆಬ್ಬೆರಳು, ಬಸ್ಸಿನಲ್ಲಿ ಲಕ್ಷ ಸಲ ಬೆಲ್ ಒತ್ತಿದ ಹೆಬ್ಬೆರಳು, ಒಂದು, ಎರಡು. ಹೊರಡು. ಒಳಗೆ ಪುಟ್ಟ ಕಾಲುಗಳು ಓಡಿ ಬಂದ ಸದ್ದು. ಸೀಟಿನವಳು ತಿರುಗಿ ಇವಳ ಮುಖ ನೋಡಿದಳು, ಸಿಟ್ಟಿಲ್ಲ, ಅಳುವಿಲ್ಲ, ಬಸ್ಸು ಹೊರಟುಹೋದ ಮೇಲೆ ಸ್ಟಾಪಿನಲ್ಲಿ ಉಳಿದವರು ನೋಡುತ್ತಾರಲ್ಲ ಹಾಗೆ. ಬಾಗಿಲು ತೆರೆಯಿತು, ಇಸ್ತ್ರಿ ಅಂಗಿ, ನಗು, ಬನ್ನಿ ಬನ್ನಿ ಮೇಡಂ, ಜೋಪಾನವಾಗಿ ಕರ್ಕೊಂಡು ಬಂದ್ರಿ, ಥ್ಯಾಂಕ್ಸ್, ಟೀ ಕುಡೀತೀರಾ. ಬೇಡಪ್ಪಾ ಲೇಟಾಯ್ತು ಅಂದು ಇವಳು ಮೆಟ್ಟಿಲಿಳಿದಳು, ಹಗುರಾಗಿ, ಕೆಲಸ ಮುಗಿಯಿತು ಅಂತ, ಇಳಿಯುತ್ತ ಅದೇ ಘೋಷಣೆಯನ್ನು ಗುನುಗುತ್ತಿದ್ದಳು, ಅದು ನೆನಪಿದೆ, ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಮಾರನೇ ದಿನ ಶೆಡ್ಡಿನ ಬೀಗ ತೆಗೆಯಲಿಲ್ಲ. ಮೆಟ್ಟಿಲಿಂದ ಜಾರಿ ಬಿದ್ಲು ಅಂದ ಅವನು, ಆಸ್ಪತ್ರೆಯಲ್ಲಿ ಐದು ದಿನ ಇದ್ದಳು, ಬಾಯಿ ಬಿಡಲಿಲ್ಲ, ಕಣ್ಣು ಬಿಡಲಿಲ್ಲ, ಹೋದಳು. ಮೊದಲನೇ ದಿನವೇ ಪೊಲೀಸರು ಬಂದು ಕೇಳಿದ್ದರು, ಕೊನೆಗೆ ನೋಡಿದೋರು ನೀವೇ ಅಲ್ವಾ, ಬಾಗಿಲ ಹತ್ರ ಏನಾಯ್ತು, ಅವಳೇ ಬೆಲ್ ಒತ್ತಿದ್ಲಾ, ಅವಳೇ ಒಳಗೆ ಹೋದ್ಲಾ? ಹೂಂ ಅಂದಳು ಕಂಡಕ್ಟರ್. ಯಾಕೆ ಅಂದಳು. ನಾಚಿಕೆಯೇ, ಹೆದರಿಕೆಯೇ, ಬದುಕಿ ಬಂದಮೇಲೆ ಅವಳೇ ಎಲ್ಲ ಹೇಳುತ್ತಾಳೆ, ಬೆಲ್ಲಿನದೇನು ದೊಡ್ಡ ವಿಷಯ ಅಂತಲೇ, ಬಾಯಿಗೆ ಮೊದಲು ಬಂದದ್ದು ಹೂಂ, ಪೇದೆ ಬರೆದುಕೊಂಡ, ಇವಳು ಸಹಿ ಹಾಕಿದಳು. ಎರಡು ವರ್ಷದ ಮೇಲೆ ಅದೇ ಹಾಳೆಯನ್ನು ಅವನ ವಕೀಲ ಕೋರ್ಟಿನಲ್ಲಿ ಎತ್ತಿ ಹಿಡಿದು ಓದಿದ, ಸದರಿ ಮಹಿಳೆಯು ತಾನೇ ಬೆಲ್ ಒತ್ತಿ ಸ್ವಇಚ್ಛೆಯಿಂದ ಮನೆಯೊಳಗೆ ಪ್ರವೇಶಿಸಿರುತ್ತಾಳೆ, ಇದು ಪ್ರಾಸಿಕ್ಯೂಷನ್ ಕಡೆಯ ಸಾಕ್ಷಿಯೇ ಹೇಳಿದ್ದು ಸ್ವಾಮಿ, ಗಂಡನಿಗೆ ಹೆದರೋ ಹೆಂಗಸು ಹೀಗೆ ಮಾಡ್ತಾಳಾ. ಕಟಕಟೆಯಲ್ಲಿ ನಿಂತ ಇವಳು ಇಲ್ಲ ಅನ್ನಬಹುದಿತ್ತು, ಬೆಲ್ ಒತ್ತಿದ್ದು ನಾನು, ಅವಳು ಕೈ ಕೆಳಗಿಳಿಸಿದ್ದಳು ಅನ್ನಬಹುದಿತ್ತು, ಅನ್ನಲಿಲ್ಲ, ಸಹಿ ನಿಮ್ಮದೇನಾ ಅಂದ ವಕೀಲ, ಹೌದು ಅಂದಳು. ಅನುಮಾನದ ಲಾಭ ಅವನಿಗೆ ಸಿಕ್ಕಿತು, ಖುಲಾಸೆಯಾದ, ಊರು ಬಿಟ್ಟುಹೋದ, ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು. ಟೆಲಿಫೋನಕ್ಕನಿಗೆ ಒಬ್ಬಳಿಗೇ ಹೇಳಿಕೊಂಡಿದ್ದಳು ಕಂಡಕ್ಟರ್, ಅಳುತ್ತ, ಅವಳು, ಈಗ ಬಾಯಿ ಬಿಡ್ಬೇಡ, ನಮ್ಮನ್ನ ಹೊಡೆಯೋಕೆ ಕಾಯ್ತಿರೋರ ಕೈಗೆ ನಾವೇ ಕೋಲು ಕೊಟ್ಟ ಹಾಗಾಗುತ್ತೆ, ಕಾಲ ಬರ್ಲಿ ಅಂದಳು. ಕಾಲ ಬರಲಿಲ್ಲ, ಅವಳೇ ಹೋದಳು. ಆದರೆ ಒಂದು ಮಾಡಿದಳು ಟೆಲಿಫೋನಕ್ಕ, ನಾಲ್ಕನೇ ವರ್ಷ ಮೆರವಣಿಗೆಯನ್ನು ದೊಡ್ಡ ರಸ್ತೆ ಬಿಡಿಸಿ ಓಣಿಗಳೊಳಗೆ ತಿರುಗಿಸಿದಳು, ಮನೆಮನೆಯ ಬಾಗಿಲ ಮುಂದೆ ನಿಂತು, ಒಳಗಿರುವವಳೇ ನೀನು ಒಬ್ಬಳಲ್ಲ ಅಂತ ಕೂಗಿಸಿದಳು, ಬೀದಿಯಲ್ಲಿ ಕೂಗಿದಾಗ ನಕ್ಕಿದ್ದ ಗಂಡಸರು ಬಾಗಿಲಲ್ಲಿ ಕೂಗಿದಾಗ ಕಲ್ಲು ಹೊಡೆದರು, ಅರ್ಧಕ್ಕರ್ಧ ಹೆಂಗಸರು ಮೆರವಣಿಗೆಗೆ ಬರುವುದನ್ನೇ ಬಿಟ್ಟರು, ಕಸ ಗುಡಿಸುವವಳೊಬ್ಬಳ ಹಣೆಗೆ ಆರು ಹೊಲಿಗೆ ಬಿತ್ತು, ಮತ್ತೆ ಕೂಡಿಸಲಿಕ್ಕೆ ಐದು ವರ್ಷ ಬೇಕಾಯಿತು. ಆಮೇಲೆ ಸಹಾಯಕ್ಕೆ ಒಂದು ಫೋನ್ ನಂಬರ್ ಬಂತು, ಮನೆ ಬಿಟ್ಟು ಬಂದವರು ಇಳಿದುಕೊಳ್ಳಲಿಕ್ಕೆ ಎರಡು ಕೋಣೆಯ ಮನೆ ಬಂತು, ಕಾನೂನು ಅಂತ ಏನೋ ಬಂತು, ಎಲ್ಲವೂ ಬಂತು, ಬಾಗಿಲ ತನಕ ಅನ್ನುವ ನಿಯಮ ಮಾತ್ರ ಹಾಗೇ ಉಳಿಯಿತು, ಕಂಡಕ್ಟರಳ ಹೆಸರಿನಲ್ಲಿ, ಯಾರೂ ಅದನ್ನು ಮುಟ್ಟಲಿಲ್ಲ, ಅವಳೂ ಮುಟ್ಟಲಿಲ್ಲ, ಮುಟ್ಟಿದರೆ ಬಿಳೀ ಗುಂಡಿಯನ್ನೂ ಮುಟ್ಟಬೇಕಾಗುತ್ತಿತ್ತು. ಹದಿನೆಂಟನೇ ವರ್ಷವೋ ಏನೋ, ಒಬ್ಬ ಹುಡುಗಿ ಕೇಳಿದಳು, ಮನೇಲೇ ಹೊಡೆತ ಬೀಳೋರನ್ನ ಮನೆಗೇ ಬಿಟ್ಟು ಬರೋದು ಎಂಥಾ ನಿಯಮ ದೊಡ್ಡಮ್ಮ. ಕಂಡಕ್ಟರ್ ರೇಗಿದಳು, ನಿನ್ನೆ ಹುಟ್ಟಿದೋಳು ನೀನು ನಂಗೆ ಹೇಳ್ಬೇಡ ಅಂತ. ಆ ಹುಡುಗಿ ಮತ್ತೆ ಮೆರವಣಿಗೆಗೆ ಬರಲಿಲ್ಲ.

ದೊಡ್ಡಮ್ಮ, ಸುಸ್ತಾಯ್ತಾ? ಇವಳು ಯಾವಾಗ ಹಿಂದೆ ಬಂದಳು, ಸೀಟಿನವಳ ಮಗಳು, ಮುಂದೆ ಬ್ಯಾನರ್ ಹಿಡಿದಿದ್ದವಳು, ತುದಿಯನ್ನು ಯಾರ ಕೈಗೋ ಕೊಟ್ಟು ಬಂದಿರಬೇಕು. ಮೂವತ್ತನಾಲ್ಕು ವರ್ಷ ಈಗ, ನೋಂದಣಿ ಕಚೇರಿಯಲ್ಲಿ ಕೆಲಸ, ಅಜ್ಜಿ ತೀರಿಕೊಂಡ ಮೇಲೆ ಕಂಡಕ್ಟರಳ ಮನೆಗೇ ಬಂದು ಹೋಗಿ ಮಾಡಿ ಬೆಳೆದವಳು, ಈ ಐದು ವರ್ಷದಿಂದ ಮೆರವಣಿಗೆಯ ಹೊಣೆಯೆಲ್ಲ ಅವಳ ತಲೆಯ ಮೇಲೇ, ಪರ್ಮಿಷನ್ ಅರ್ಜಿಯಿಂದ ಹಿಡಿದು ನೀರಿನ ಬಾಟಲಿಯ ತನಕ. ಅಮ್ಮನ ಹಾಗೇ ದೊಡ್ಡ ಗಂಟಲು. ಇಲ್ಲ ಕಣೇ, ಸುಸ್ತೆಂಥದು. ಸ್ಟೇಜ್ ಮೇಲೆ ಅಮ್ಮನ ವಿಷಯ ಹೇಳ್ತೀರಲ್ವಾ? ಹೇಳ್ತೀನಿ. ಆ ದಿನ ನಡೆದದ್ದನ್ನೂ ಹೇಳಿ ದೊಡ್ಡಮ್ಮ, ಬಾಗಿಲ ತನಕ ಬಿಟ್ಟಿದ್ದು, ನನಗೆ ಯಾರೂ ಸರಿಯಾಗಿ ಹೇಳಿಲ್ಲ, ನೀವೂ ಹೇಳಿಲ್ಲ. ಹೇಳ್ತೀನಿ ಕಣೇ, ಎಲ್ಲಾ ಹೇಳ್ತೀನಿ, ಅದಕ್ಕೇ ಬಂದಿರೋದು ನಾನು. ಈಗಲೇ ಹೇಳಿಬಿಡಲೇ, ಇಲ್ಲೇ, ನಡೆಯುತ್ತ, ಮೈಕಿನಲ್ಲಿ ಹೇಳುವ ಮೊದಲು ಇವಳಿಗಲ್ಲವೇ ಹೇಳಬೇಕಾದದ್ದು, ಬೈದರೆ ಬೈಯಲಿ, ಕೈ ಬಿಟ್ಟು ಹೋದರೆ ಹೋಗಲಿ, ಹೋಗಬಾರದು, ಹೋದರೆ ತನಗೆ ಇನ್ಯಾರಿದ್ದಾರೆ, ಅದು ಬೇರೆ ಮಾತು, ಬಾಯಿ ತೆಗೆದಳು. ಅಷ್ಟರಲ್ಲಿ ಹುಡುಗಿಯೇ ತೋಳು ಹಿಡಿದುಕೊಂಡು ಶುರು ಮಾಡಿದಳು, ನಿಮಗೆ ಒಂದು ಹೇಳ್ಲಾ ದೊಡ್ಡಮ್ಮ, ನಗಬಾರ್ದು. ಅಮ್ಮನ ಮುಖ ನಂಗೆ ನೆನಪಿಲ್ಲ, ಫೋಟೋ ನೋಡಿದ್ರೆ ಯಾರೋ ಅನ್ಸುತ್ತೆ. ದನಿ ನೆನಪಿಲ್ಲ. ನೆನಪಿರೋದು ಒಂದೇ, ಅವತ್ತು ಬೆಲ್ ಎರಡು ಸಲ ಆಯ್ತು. ಅಪ್ಪ ಯಾವಾಗ್ಲೂ ಒಂದೇ ಸಲ ಉದ್ದಕ್ಕೆ ಒತ್ತೋರು, ಅಮ್ಮ ಒಂದು ಸಲ ಮೆತ್ತಗೆ, ಕೇಳಿಸ್ತೋ ಇಲ್ವೋ ಅನ್ನೋ ಹಾಗೆ. ಅವತ್ತು ಎರಡು ಸಲ, ಜೋರಾಗಿ, ಟಿಂಗ್ ಟಿಂಗ್. ಅಮ್ಮಂಗೆ ನನ್ನನ್ನ ನೋಡೋ ಅವಸರ ಅಂತ ಗೊತ್ತಾಯ್ತು, ಓಡಿಬಂದೆ. ಏನಾದ್ರೂ ಕಷ್ಟ ಬಂದ್ರೆ ನಾನು ಅದನ್ನೇ ನೆನೆಸ್ಕೋತೀನಿ, ನನ್ನ ಅಮ್ಮ ಕೊನೇ ದಿನ ಎರಡು ಸಲ ಬೆಲ್ ಒತ್ತಿದ್ಲು ಅಂತ. ಹುಚ್ಚು ಅಲ್ವಾ? ಅಲ್ಲ ಕಣೇ ಅಂದಳು ಕಂಡಕ್ಟರ್. ಏನಂದೆ ಅನ್ನುವುದೇ ಅವಳಿಗೆ ಕೇಳಿಸಲಿಲ್ಲ, ತೆರೆದ ಬಾಯಿ ಹಾಗೇ ಇತ್ತು, ಹುಡುಗಿ ತೋಳು ಬಿಟ್ಟು ಮುಂದಕ್ಕೆ ಓಡಿದಳು, ಚೌಕ ಬಂತು ಚೌಕ ಬಂತು ಅಂತ.

ಮೂರು ಮೆಟ್ಟಿಲು. ಹಲಗೆ ಕಿರುಗುಟ್ಟುತ್ತದೆ. ಕೆಳಗೆ ಮುನ್ನೂರೋ ನಾನೂರೋ ತಲೆ, ಇಲ್ಲಿಂದ ಎಣಿಸಲಾಗುವುದಿಲ್ಲ, ಮುಂದೆ ನಿಂತರೆ ಇದೇ ಗತಿ, ಸೂರ್ಯ ಕಣ್ಣಿಗೇ ಹೊಡೆಯುತ್ತಿದ್ದಾನೆ. ಮೈಕು ತಣ್ಣಗಿದೆ. ಮೊದಲ ವರ್ಷದ ಮಾತು ಹೇಳಿದಳು, ಅರ್ಧ ಗಡ್ಡದವನದು, ನಕ್ಕರು, ಇನ್ಸ್‌ಪೆಕ್ಟರನದು, ಚಪ್ಪಾಳೆ ಹೊಡೆದರು, ಟೆಲಿಫೋನಕ್ಕನಿಗೆ ಇನ್ನೂ ಜೋರಾಗಿ ಹೊಡೆದರು, ಆಮೇಲೆ ಮೂರನೇ ವರ್ಷ ಅಂದಳು, ನಿಂತಳು. ಹೇಳು. ಹೇಳುವುದಕ್ಕೇ ಬಂದವಳಲ್ಲವೇ. ಸೀಟಿನವಳು ನನ್ನನ್ನ ಇನ್ನೊಂದು ಸುತ್ತು ಹೋಗೋಣ್ವಾ ಅಂತ ಕೇಳಿದ್ಲು, ಅಂದಳು, ದನಿ ಮೈಕಿನಲ್ಲಿ ಯಾರೋ ಮುದುಕಿಯ ದನಿಯ ಹಾಗೆ ಕೇಳಿಸಿತು, ಅವಳಿಗೆ ಮನೆಗೆ ಹೋಗೋದು ಬೇಡವಾಗಿತ್ತು, ನಾನು ನಕ್ಕೆ. ನಾನು ಅವಳನ್ನ ಜೋಪಾನವಾಗಿ ಕರ್ಕೊಂಡು ಹೋಗಿ ಅವಳನ್ನ ಕೊಂದೋನ ಕೈಗೆ ಕೊಟ್ಟು ಬಂದೆ. ದೂರದಲ್ಲಿ ಒಂದು ಬಸ್ಸು ಹಾರನ್ ಹೊಡೆಯಿತು. ನಿಮ್ಮ ತೋಳಿನ ಮೇಲೆ ಏನೋ ಬರ್ಕೊಂಡಿದ್ದೀರಲ್ಲ ಮಕ್ಕಳೇ, ಅದು ನನ್ನ ತಪ್ಪು, ಅದನ್ನ ಬಿಚ್ಚಿ ಬಿಸಾಡಿ. ಬಾಗಿಲ ಹತ್ರ ಹೋದ್ಮೇಲೆ ನಿಲ್ಲಿ. ಒಳಗೆ ಹೋಗ್ತೀಯಾ ಅಂತ ಕೇಳಿ. ಅವಳು ಸುಮ್ಮನಿದ್ರೆ ಬೆಲ್ ಮುಟ್ಟಬೇಡಿ, ಇನ್ನೊಂದು ಸುತ್ತು ಹೋಗಿ, ಬೆಳಗಾದ್ರೂ ಪರವಾಗಿಲ್ಲ, ಡ್ಯೂಟಿ ಹೋದ್ರೂ ಪರವಾಗಿಲ್ಲ. ಒಬ್ಬಳು ಹಳದಿ ಪಟ್ಟಿ ಬಿಚ್ಚಿದಳು, ಇನ್ನೊಬ್ಬಳು ಬಿಚ್ಚದೆ ಕೈಯಿಂದ ಮುಚ್ಚಿಕೊಂಡಳು, ಹಿಂದಿನ ಸಾಲಿನಲ್ಲಿ ಯಾರೋ ಅಳುತ್ತಿದ್ದರು. ಇಷ್ಟು ಆಯಿತು, ಇನ್ನೊಂದೇ ಒಂದು ಮಾತು ಉಳಿದಿದೆ, ನಾಲಿಗೆಯ ತುದಿಯಲ್ಲಿದೆ, ಬೆಲ್ ಒತ್ತಿದ್ದು ನಾನು, ಕೋರ್ಟಿನಲ್ಲಿ ಸುಳ್ಳು ಹೇಳಿದ್ದು ನಾನು, ಮೂರು ಪದ ನಾಲ್ಕು ಪದ, ಹೇಳಿದರೆ ಮುಗಿಯಿತು, ಇಪ್ಪತ್ತೊಂಬತ್ತು ವರ್ಷ ಇಳಿಸಿಟ್ಟು ಮನೆಗೆ ಹೋಗಬಹುದು. ವೇದಿಕೆಯ ಕೆಳಗೆ, ಮೊದಲ ಸಾಲಿನಲ್ಲಿ, ಹಸಿರು ಬ್ಯಾನರಿನ ಪಕ್ಕ ಹುಡುಗಿ ನಿಂತಿದ್ದಾಳೆ, ಮುಖ ಬಿಳಿಚಿಕೊಂಡಿದೆ, ಅಮ್ಮನಿಗೆ ಮನೆಗೆ ಬರುವುದು ಬೇಡವಾಗಿತ್ತು ಅನ್ನುವುದನ್ನು ಅವಳು ಈಗ ತಾನೇ, ನಾನೂರು ಜನರ ನಡುವೆ, ಮೈಕಿನಲ್ಲಿ ಕೇಳಿದ್ದಾಳೆ. ತುಟಿ ಅಲುಗಿತು. ದೊಡ್ಡಮ್ಮ — ಆ ದೊಡ್ಡ ಗಂಟಲು ಎಲ್ಲಿ ಹೋಯಿತು, ಐದು ವರ್ಷದ ಮಗುವಿನ ದನಿ — ದೊಡ್ಡಮ್ಮ, ಮತ್ತೆ ಅಮ್ಮ ಬೆಲ್ ಎರಡು ಸಲ ಒತ್ತಿದ್ಲಲ್ಲಾ? ಕಣ್ಣು ಕಂಡಕ್ಟರಳ ಮುಖವನ್ನು ಬಿಡುತ್ತಿಲ್ಲ. ನಿನಗೋಸ್ಕರ ಅವಳು ಹೇಗೂ ಒಳಗೆ ಬರುತ್ತಿದ್ದಳು ಮಗಳೇ, ಒಂದು ಸಲ ಮೆತ್ತಗೆ ಒತ್ತಿಯಾದರೂ ಬರುತ್ತಿದ್ದಳು, ನಿನ್ನನ್ನು ಬಿಟ್ಟು ಎಲ್ಲಿಗೆ ಹೋಗುತ್ತಿದ್ದಳು, ಬರುತ್ತಿದ್ದಳು ಅಲ್ಲವೇ, ಬರುತ್ತಿದ್ದಳೋ ಇಲ್ಲವೋ ಯಾರಿಗೆ ಗೊತ್ತು, ಯೋಚಿಸಲಿಕ್ಕೆ ಅವಳಿಗೆ ಪುರಸೊತ್ತು ಕೊಟ್ಟವರು ಯಾರು. ಹೂಂ ಅಂದಳು ಕಂಡಕ್ಟರ್. ಮೈಕು ಅದನ್ನು ಎತ್ತಿ ಚೌಕದ ತುಂಬ ಹಂಚಿತು, ಹೂಂ, ಪೇದೆಯ ಮುಂದೆ ಅಂದ ಅದೇ ಹೂಂ, ಹೂಂ ಕಣೇ, ಅವಳೇ ಒತ್ತಿದ್ದು, ನೀನಿದ್ದೆಯಲ್ಲ ಒಳಗೆ. ಹುಡುಗಿಯ ಮುಖಕ್ಕೆ ನಿಧಾನವಾಗಿ ಬಣ್ಣ ಮರಳಿತು, ಅವಳು ಅಳುತ್ತ ನಕ್ಕಳು, ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ, ಇದು ಕರುಣೆಯೇ, ಹೇಡಿತನವೇ, ಇನ್ನೊಂದು ಸಲ ಸಹಿ ಹಾಕಿದೆನೇ, ಯಾರೋ ಕೈ ಹಿಡಿದು ಮೆಟ್ಟಿಲಿಳಿಸುತ್ತಿದ್ದಾರೆ, ಜೋಪಾನ ದೊಡ್ಡಮ್ಮ, ಮಂಕು ಬಲ್ಬು, ಕಂದು ಬಾಗಿಲು, ಎಡ ಅಂಚು ಮುರಿದ ಬಿಳೀ ಗುಂಡಿ, ಸೂಜಿ ಚುಚ್ಚಿದ ಬೆರಳು ಕೂದಲೆಳೆಯಷ್ಟು ದೂರದಲ್ಲಿ ನಿಂತು, ಕೆಳಗಿಳಿದು, ಅವಳ ಭುಜದ ಮೇಲಿಂದ ಈ ಹೆಬ್ಬೆರಳು, ಬೇಡ, ಒಂದು, ಬೇಡ ಕಣೇ, ಎರಡು, ಒಂದು, ಎರಡು —